ಮೊಟ್ಟೆ ಬೇಯಿಸಿದ್ರೆ ಪ್ರೋಟೀನ್‌ನಲ್ಲಿ ಯಾವ ಬಾಂಡ್ ಹೋಗುತ್ತೆ?

ಪ್ರೋಟೀನ್ ರಚನೆಯ ನಾಲ್ಕು ಲೆವೆಲ್‌ನಲ್ಲಿ (ಪ್ರೈಮರಿ, ಸೆಕೆಂಡರಿ, ಟರ್ಷಿಯರಿ, ಕ್ವಾಟರ್ನರಿ) ಯಾವುದನ್ನ ಯಾವ ಬಾಂಡ್ ಹಿಡ್ಕೊಂಡಿರುತ್ತೆ, ಮೊಟ್ಟೆ ಬೇಯಿಸಿದಾಗ ಅದ್ರಲ್ಲಿ ಯಾವುದು ಹೋಗುತ್ತೆ, ಎಲ್ಲಾ ಪ್ರೋಟೀನ್‌ಗೂ ನಾಲ್ಕೂ ಲೆವೆಲ್ ಇರುತ್ತಾ ಅಂತ ಕೇಳಿದೀರ. ಮೊಟ್ಟೆಯಿಂದಲೇ ಶುರು ಮಾಡ್ತೀನಿ, ಡಿಗ್ರೀಲಿ ನಾನು ಎಡವಿದ್ದೂ ಅಲ್ಲೇ.

ಇಂಟರ್ನಲ್ಸ್‌ನಲ್ಲಿ "ಬೇಯಿಸಿದ್ರೆ ಪೆಪ್ಟೈಡ್ ಬಾಂಡ್ ಒಡೆಯುತ್ತೆ" ಅಂತ ಬರೆದು ಸೊನ್ನೆ ತಗೊಂಡಿದ್ದೆ. (ಪೆಪ್ಟೈಡ್ ಬಾಂಡ್ ಅಂದ್ರೆ ಅಮೈನೊ ಆಸಿಡ್‌ಗಳನ್ನ ಒಂದಕ್ಕೊಂದು ಪೋಣಿಸಿ ಪ್ರೋಟೀನ್ ಸರಪಳಿ ಮಾಡೋ ಕೊಂಡಿ.) ನಮ್ಮ ಮೇಡಂ ಏನೂ ವಾದ ಮಾಡ್ಲಿಲ್ಲ, ಮುಂದಿನ ಪ್ರಾಕ್ಟಿಕಲ್‌ನಲ್ಲಿ ಬೆಂದ ಮೊಟ್ಟೆಯ ಬಿಳಿ ಚೂರೊಂದನ್ನ ಟೆಸ್ಟ್ ಟ್ಯೂಬ್‌ಗೆ ಹಾಕ್ಸಿ, ಸೋಡಿಯಂ ಹೈಡ್ರಾಕ್ಸೈಡ್ ಹುಯ್ಸಿ, ಮೇಲೆ ಎರಡು ಹನಿ ಕಾಪರ್ ಸಲ್ಫೇಟ್ ಬಿಡಿಸಿದ್ರು. ಅಂಚಿಂದ ಶುರುವಾಗಿ ಚೂರು ಪೂರ್ತಿ ನೇರಳೆ ಬಣ್ಣಕ್ಕೆ ತಿರುಗ್ತು. ಪಕ್ಕದ ಟ್ಯೂಬ್‌ನಲ್ಲಿದ್ದ ಹಸಿ ಮೊಟ್ಟೇದೂ ಅದೇ ನೇರಳೆ. ಇದು ಬೈಯುರೆಟ್ ಟೆಸ್ಟು, ತಾಮ್ರ ಹೋಗಿ ಸಾಲಾಗಿರೋ ಪೆಪ್ಟೈಡ್ ಬಾಂಡ್‌ಗಳ ನೈಟ್ರೋಜನ್ ಹಿಡ್ಕೊಂಡಾಗ ಬರೋ ಬಣ್ಣ ಅದು. ಅಂದ್ರೆ ಬೆಂದ್ರೂ ಸರಪಳಿಯ ಪೆಪ್ಟೈಡ್ ಬಾಂಡ್‌ಗಳು ಉಳ್ಕೊಂಡಿವೆ.

ಆ ಸರಪಳೀನೇ ಪ್ರೈಮರಿ. ಯಾವ ಅಮೈನೊ ಆಸಿಡ್ ಆದ್ಮೇಲೆ ಯಾವುದು ಅನ್ನೋ ಕ್ರಮ ಅಷ್ಟೇ, ಹಿಡ್ಕೊಂಡಿರೋದು ಪೆಪ್ಟೈಡ್ ಬಾಂಡ್. ಗಟ್ಟಿ ಆಸಾಮಿ ಅದು, ಲ್ಯಾಬ್‌ನಲ್ಲಿ ಪೂರ್ತಿ ಬಿಡಿಸ್ಬೇಕು ಅಂದ್ರೆ 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ 110 ಡಿಗ್ರೀಲಿ ಸುಮಾರು 24 ಗಂಟೆ ಇಡ್ತಾರೆ. ಹತ್ತು ನಿಮಿಷದ ಕುದಿನೀರಿಗೆಲ್ಲ ಅದು ಬಗ್ಗಲ್ಲ. (ನಮ್ಮ ಹೊಟ್ಟೆ ಅದೇ ಕೆಲಸಾನ ಪೆಪ್ಸಿನ್ ಥರದ ಎಂಜೈಮ್ ಇಟ್ಕೊಂಡು 37 ಡಿಗ್ರೀಲಿ ಮಾಡುತ್ತೆ, ಅದು ಬೇರೆ ಕಥೆ.)

ಸೆಕೆಂಡರಿ ಅಂದ್ರೆ ಸರಪಳಿ ಅಲ್ಲಲ್ಲಿ ಸುರುಳಿಯಾಗಿ ಇಲ್ಲಾ ನೆರಿಗೆಯಾಗಿ ನಿಲ್ಲೋದು. ಇಲ್ಲಿ ಎಲ್ರೂ ಗೊಂದಲ ಮಾಡ್ಕೊಳೋದು ಹೈಡ್ರೋಜನ್ ಬಾಂಡ್ ವಿಷ್ಯದಲ್ಲಿ, ಯಾಕಂದ್ರೆ ಟರ್ಷಿಯರಿಯಲ್ಲೂ ಅದೇ ಹೆಸರು ಬರುತ್ತೆ. ವ್ಯತ್ಯಾಸ ಇಷ್ಟೇ, ಸೆಕೆಂಡರಿಯಲ್ಲಿ ಬೆನ್ನೆಲುಬಿನ ಸಿಓ ಮತ್ತು ಎನ್‌ಎಚ್ ಮಾತ್ರ ಕೈ ಹಿಡ್ಕೊಳುತ್ತೆ, ಸೈಡ್ ಚೈನ್‌ಗೆ (ಪ್ರತಿ ಅಮೈನೊ ಆಸಿಡ್‌ನಿಂದ ಪಕ್ಕಕ್ಕೆ ಚಾಚಿರೋ ಗುಂಪು) ಅಲ್ಲಿ ಕೆಲ್ಸ ಇಲ್ಲ. ಆಲ್ಫಾ ಹೀಲಿಕ್ಸ್ ಅನ್ನೋ ಸುರುಳಿಯಲ್ಲಿ ಒಂದರ ಸಿಓ ನಾಲ್ಕು ಮನೆ ಮುಂದಿರೋದರ ಎನ್‌ಎಚ್ ಹಿಡಿಯುತ್ತೆ, ಹಂಗಾಗಿ ಸುತ್ತಿಗೆ 3.6 ಅಮೈನೊ ಆಸಿಡ್. ಬೀಟಾ ಶೀಟ್ ಅಂದ್ರೆ ಸೀರೆ ನೆರಿಗೆ ಅಂದ್ಕೊಳಿ, ಎಳೆಗಳು ಅಕ್ಕಪಕ್ಕ ನಿಂತು ಒಂದಕ್ಕೊಂದು ಕೈ ಕೊಟ್ಟಿರುತ್ವೆ. ಸರಪಳಿ ಬೇಕಾದ ಹಾಗೆಲ್ಲ ತಿರುಗೋಕಾಗಲ್ಲ, ಪೆಪ್ಟೈಡ್ ಬಾಂಡ್ ಸಪಾಟಾಗಿ ಬಿಗಿಯಾಗಿರುತ್ತೆ, ತಿರುಗೋದೆಲ್ಲ ಅದರ ಆಚೆ ಈಚೆ ಇರೋ ಎರಡು ಕೋನದಲ್ಲಿ. ಯಾವ ಕೋನ ಸಾಧ್ಯ, ಯಾವುದರಲ್ಲಿ ಪರಮಾಣುಗಳು ಡಿಕ್ಕಿ ಹೊಡೀತವೆ ಅಂತ 1963ರಲ್ಲಿ ಮದ್ರಾಸ್‌ನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಜಿ.ಎನ್. ರಾಮಚಂದ್ರನ್ ಮತ್ತವರ ಜೊತೆಗಾರರು, ಆಮೇಲೆ ಅವರು ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದ್ರು. ಇವತ್ತಿಗೂ ಹೊಸ ಸ್ಟ್ರಕ್ಚರ್ ಬಂದ್ರೆ ಆ ಕೋನಗಳ ನಕ್ಷೆ, ಅಂದ್ರೆ ರಾಮಚಂದ್ರನ್ ಪ್ಲಾಟ್ ನೋಡ್ತಾರೆ.

ಟರ್ಷಿಯರಿ ಅಂದ್ರೆ ಇಡೀ ಸರಪಳಿ ಮಡಚಿಕೊಂಡು ಉಂಡೆಯಾಗೋದು, ಇಲ್ಲಿ ಸೈಡ್ ಚೈನ್‌ಗಳದ್ದೇ ದರ್ಬಾರು. ಪ್ಲಸ್ ಮೈನಸ್ ಎಳೆಯೋ ಅಯಾನಿಕ್ ಬಾಂಡ್, ಹೈಡ್ರೋಜನ್ ಬಾಂಡ್, ವ್ಯಾನ್ ಡರ್ ವಾಲ್ಸ್ (ತೀರಾ ಹತ್ತಿರ ಬಂದಾಗಿನ ಸಣ್ಣ ಸೆಳೆತ), ಎಲ್ಲಾ ಇದೆ, ಆದ್ರೆ ನನ್ನ ಕೇಳಿದ್ರೆ ಮುಖ್ಯ ಹೈಡ್ರೋಫೋಬಿಕ್ ಎಫೆಕ್ಟು. ಸಾರಿನ ಮೇಲೆ ಒಗ್ಗರಣೆ ಎಣ್ಣೆ ಹನಿಹನಿ ಸೇರಿ ಒಂದಾಗುತ್ತಲ್ಲ, ಅದೇ ಥರ ನೀರು ಕಂಡ್ರಾಗದ ಸೈಡ್ ಚೈನ್‌ಗಳು ಒಳಗೆ ಸೇರ್ಕೊಳುತ್ವೆ. ಇದರ ಜೊತೆ ಸಿಸ್ಟೀನ್ ಅನ್ನೋ ಎರಡು ಅಮೈನೊ ಆಸಿಡ್ ಮಧ್ಯೆ ಡೈಸಲ್ಫೈಡ್, ಅಂದ್ರೆ ಗಂಧಕ-ಗಂಧಕದ ಬಾಂಡ್, ನೆರಿಗೆಗೆ ಪಿನ್ನು ಹಾಕಿದ ಹಾಗೆ. ಇದು ಪೆಪ್ಟೈಡ್ ಬಾಂಡ್ ಥರಾನೇ ಕೋವೇಲೆಂಟ್ (ಎಲೆಕ್ಟ್ರಾನ್ ಹಂಚ್ಕೊಂಡಿರೋ ಗಟ್ಟಿ ಬಾಂಡ್), ಬರೀ ಬಿಸಿಗೆ ಸುಲಭಕ್ಕೆ ಬಿಚ್ಚಲ್ಲ.

ಮೊಟ್ಟೆ ಬೇಯಿಸಿದಾಗ ಹೋಗೋದು ಹೈಡ್ರೋಜನ್, ಅಯಾನಿಕ್, ಹೈಡ್ರೋಫೋಬಿಕ್ ಥರದ ಸಣ್ಣಪುಟ್ಟ ಹಿಡಿತಗಳು. ಉಂಡೆ ಬಿಚ್ಚಿ ಒಳಗಿದ್ದ ಎಣ್ಣೆ ಸ್ವಭಾವದ ಭಾಗಗಳು ಹೊರಗೆ ಬರ್ತವೆ, ಪಕ್ಕದ ಸರಪಳಿಗೆ ಅಂಟ್ಕೊಳುತ್ವೆ, ಕೆಲವು ಕಡೆ ಹೊಸ ಡೈಸಲ್ಫೈಡ್ ಕೂಡ ಆಗುತ್ತೆ, ಅದಕ್ಕೇ ಗಟ್ಟಿಯಾಗಿ ಬೆಳ್ಳಗಾಗೋದು. ಹಾಗಾದ್ರೆ ತಣ್ಣಗಾದ್ಮೇಲೆ ವಾಪಸ್ ಯಾಕೆ ಆಗಲ್ಲ? ಆನ್‌ಫಿನ್ಸನ್ ಅನ್ನೋ ವಿಜ್ಞಾನಿ ರೈಬೋನ್ಯೂಕ್ಲಿಯೇಸ್ ಅನ್ನೋ 124 ಅಮೈನೊ ಆಸಿಡ್‌ನ ಎಂಜೈಮನ್ನ ಯೂರಿಯಾ ಹಾಕಿ ಬಿಚ್ಚಿ, ಅದರ ನಾಲ್ಕೂ ಡೈಸಲ್ಫೈಡ್ ಒಡೆದು, ಆಮೇಲೆ ಯೂರಿಯಾನೂ ಡೈಸಲ್ಫೈಡ್ ಒಡೆದ ಕೆಮಿಕಲ್ಲನ್ನೂ ತೆಗೆದಾಗ ಅದು ತಾನಾಗೇ ಮೊದಲಿನ ಹಾಗೆ ಮಡಚ್ಕೊಂಡು ಕೆಲ್ಸ ಶುರು ಮಾಡ್ತು. ಎಂಟು ಸಿಸ್ಟೀನ್ ಜೋಡಿಯಾಗೋಕೆ 105 ದಾರಿ ಇದೆ, ಅದ್ರಲ್ಲಿ ಸರಿಯಾದ ಒಂದನ್ನೇ ಆರಿಸ್ಕೊಳ್ತು, ಅಂದ್ರೆ ಆಕಾರದ ಗುಟ್ಟು ಪ್ರೈಮರಿಯಲ್ಲೇ ಇದೆ. 1972ರಲ್ಲಿ ಅವರಿಗೆ ನೊಬೆಲ್ ಬಂತು. ಮೊಟ್ಟೇಲಿ ಅಷ್ಟು ಜಾಗ ಎಲ್ಲಿದೆ ಹೇಳಿ, ಸಿಟಿ ಬಸ್ಸಿನ ಥರ ಒತ್ತಿರೋ ಸರಪಳಿಗಳು ಒಂದರಲ್ಲೊಂದು ಸಿಕ್ಕಾಕೊಂಡ್ಮೇಲೆ ಬಿಡಿಸ್ಕೊಳೋಕೆ ಆಗಲ್ಲ.

ಕ್ವಾಟರ್ನರಿ ಅಂದ್ರೆ ಒಂದಕ್ಕಿಂತ ಹೆಚ್ಚು ಸರಪಳಿ ಒಟ್ಟಿಗೆ ಸೇರೋದು, ಅದು ಎಲ್ಲದಕ್ಕೂ ಇರಲ್ಲ. ಸ್ನಾಯುವಿನಲ್ಲಿರೋ ಮಯೋಗ್ಲೋಬಿನ್ 153 ಅಮೈನೊ ಆಸಿಡ್‌ನ ಒಂದೇ ಸರಪಳಿ, ಮೂರನೇ ಲೆವೆಲ್‌ಗೆ ಮುಗೀತು. ಹೀಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ ಎರಡು ಬೀಟಾ ಸೇರಿ ನಾಲ್ಕು, ಹಿಡ್ಕೊಂಡಿರೋದು ಅದೇ ಟರ್ಷಿಯರಿಯ ಸಣ್ಣ ಹಿಡಿತಗಳು.

ಎಕ್ಸಾಮ್‌ನಲ್ಲಿ ತಲೆ ಕೆಡಿಸೋದು ಇನ್ಸುಲಿನ್. 21 ಮತ್ತು 30 ಅಮೈನೊ ಆಸಿಡ್‌ನ ಎರಡು ಸರಪಳಿ ಇದ್ಯಲ್ಲ, ಕ್ವಾಟರ್ನರಿ ತಾನೇ ಅಂತ ಬರೆದುಬಿಡ್ಬೇಡಿ. ಅದು ಹುಟ್ಟುವಾಗ ಪ್ರೋಇನ್ಸುಲಿನ್ ಅನ್ನೋ ಒಂದೇ ಸರಪಳಿ, ಮಡಚಿ ಡೈಸಲ್ಫೈಡ್ ಪಿನ್ನು ಬಿದ್ದ ಮೇಲೆ ಮಧ್ಯದ ತುಂಡು ಕತ್ತರಿಸಿ ಹೋಗುತ್ತೆ. ಇನ್ಸುಲಿನ್‌ನ ಕ್ವಾಟರ್ನರಿ ಅಂದ್ರೆ ಪ್ಯಾಂಕ್ರಿಯಾಸ್‌ನಲ್ಲಿ ಜಿಂಕ್ ಜೊತೆ ಆರಾರು ಸೇರಿ ಕೂತಿರುತ್ತಲ್ಲ, ಅದು. ಕತ್ತರಿಸಿದ ಆ ತುಂಡಿದ್ಯಲ್ಲ, ಅದೇ ಶುಗರ್ ಪೇಷಂಟ್‌ಗಳಿಗೆ ಡಾಕ್ಟ್ರು ಬರೆದುಕೊಡೋ ಸಿ-ಪೆಪ್ಟೈಡ್ ಟೆಸ್ಟ್‌ನ ಸಿ-ಪೆಪ್ಟೈಡು.