ಎರಡನೆಯ ಡಿಕಾಕ್ಷನ್

ಓದುಗರ ಪತ್ರ: ನಿತ್ಯದ ರೂಢಿಯೊಂದನ್ನು ಎಂಟು ದಿನ ಬಿಟ್ಟು ನೋಡಿದರೆ ನಮ್ಮನ್ನು ನಾವು ಅರಿಯಬಹುದೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಿರಿ. ಬೆಳಗಿನ ಕಾಫಿ ಬಿಟ್ಟೆ. ತಲೆನೋವು, ಸಿಡುಕು ಬಂದವೇ ಹೊರತು ಬೇರೇನೂ ತಿಳಿಯಲಿಲ್ಲ. ಎಲ್ಲರಿಗೂ ಕೊಟ್ಟ ಮೇಲೆ ಒಲೆಯ ಬಳಿ ನಿಂತು ಕುಡಿಯುವ ಎರಡನೆಯ ಡಿಕಾಕ್ಷನ್ನಿನ ಅರ್ಧ ಲೋಟದಿಂದ ಯಾರಿಗೇನು ಕೇಡು? ಮಗನ ಸಿಗರೇಟನ್ನಾದರೂ ಹೀಗೆ ಬಿಡಿಸಬಹುದೇ?
– ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ಮಾನ್ಯರೇ, ತಮ್ಮ ತಲೆನೋವಿಗೆ ನಮ್ಮ ಅವಸರದ ಸಲಹೆಯೇ ಕಾರಣವಾದ್ದರಿಂದ ಮೊದಲು ಕ್ಷಮೆ ಕೋರುತ್ತೇವೆ. ದಿನವೂ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಸಾಮಾನ್ಯವಾಗಿ 12ರಿಂದ 24 ಗಂಟೆಗಳೊಳಗೆ ತಲೆನೋವು ಶುರುವಾಗಿ, 2ರಿಂದ 9 ದಿನಗಳವರೆಗೆ ಉಳಿಯಬಹುದು. ದಣಿವಿನ ಸೂಚನೆ ಕೊಡುವ ಅಡೆನೊಸಿನ್ ಮಿದುಳಿನಲ್ಲಿ ಮಾಡುವ ಕೆಲಸವನ್ನು ಕಾಫಿಯಲ್ಲಿರುವ ಕೆಫೀನ್ ತಡೆದಿರುತ್ತದೆ. ಆ ತಡೆ ಹಠಾತ್ತನೆ ತಪ್ಪಿದಾಗ ನೋವೂ ಸಿಡುಕೂ ಬರುತ್ತವೆ. ಆದ್ದರಿಂದ ಆ ಸಿಡುಕನ್ನು ತಮ್ಮ ಸ್ವಭಾವದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ.

ಆದರೆ ಏನೂ ತಿಳಿಯಲಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ಮೊದಲ ಗಟ್ಟಿ ಡಿಕಾಕ್ಷನ್ ಇಳಿದ ಮೇಲೆ ಅದೇ ಪುಡಿಯ ಮೇಲೆ ಮತ್ತೆ ಬಿಸಿನೀರು ಹಾಕಿ ಇಳಿಸಿಕೊಂಡ ತೆಳು ಡಿಕಾಕ್ಷನ್ ತಮ್ಮದು, ಅದೂ ಕೊನೆಯಲ್ಲಿ, ಅದೂ ನಿಂತು ಎಂಬುದನ್ನು ತಾವೇ ಬರೆದಿದ್ದೀರಿ. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿ ಹೆಂಗಸರ ಪಾಲಿಗೆ ಬರುವ ಕಾಫಿ ಇದೇ ಆಗಿರುವುದರಿಂದ ಆ ಸಾಲನ್ನು ಓದಿ ಮುಂದೆ ಹೋಗುವುದು ನಮಗೆ ಕಷ್ಟವಾಯಿತು. ಅದು ತಮ್ಮ ನಾಲಿಗೆಯ ಇಷ್ಟವೋ, ಅತ್ತೆಯವರ ಕಾಲದಿಂದ ನಡೆದುಬಂದದ್ದೋ, ಗಟ್ಟಿ ಕಾಫಿ ತನಗೆ ಸಲ್ಲದೆಂದು ಎಂದೋ ಮನಸ್ಸಿನಲ್ಲಿ ಕುಳಿತ ತೀರ್ಮಾನವೋ, ಅಥವಾ ಇಡೀ ದಿನದಲ್ಲಿ ಯಾರೂ ಕರೆಯದ ಐದು ನಿಮಿಷ ಅದೊಂದೇ ಎಂಬ ಕಾರಣವೋ, ತಮ್ಮ ಹೊರತು ಯಾರೂ ಹೇಳಲಾರರು. ಇವುಗಳಲ್ಲಿ ಯಾವುದೇ ಉತ್ತರ ಬಂದರೂ ನಾಚಬೇಕಾದದ್ದಿಲ್ಲ. ರೂಢಿಯನ್ನು ಬಿಡುವುದಕ್ಕಿಂತ ಅದು ಹೇಗೆ ನಡೆಯುತ್ತಿದೆ ಎಂದು ನೋಡುವುದು ಮೊದಲಾಗಬೇಕಿತ್ತು. ನಾವು ತಪ್ಪಿದ್ದು ಅಲ್ಲಿಯೇ.

ಮಗನ ವಿಷಯ ಬೇರೆ. ತಂಬಾಕಿನ ಚಟಕ್ಕೆ ವೈದ್ಯರ ನೆರವು ಬೇಕು. ಇನ್ನೊಬ್ಬರ ರೂಢಿಯನ್ನು ಬಿಡಿಸಹೊರಟಾಗ ಏನಾಗುತ್ತದೆಂಬುದನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಕಾಯಿಲೆಯಲ್ಲಿದ್ದ ಕಸ್ತೂರಬಾ ಅವರಿಗೆ ಉಪ್ಪು, ಬೇಳೆಗಳನ್ನು ಬಿಡುವಂತೆ ಒತ್ತಾಯಿಸಿದಾಗ, ಯಾರಾದರೂ ಹೇಳಿದರೆ ನಿಮ್ಮಿಂದಲೂ ಅವನ್ನು ಬಿಡಲಾಗದು ಎಂದು ಆಕೆ ಉತ್ತರಿಸಿದರು. ಗಾಂಧೀಜಿ ಆ ಕ್ಷಣವೇ ಒಂದು ವರ್ಷ ಅವೆರಡನ್ನೂ ತಾವೇ ಬಿಡುವುದಾಗಿ ಹೇಳಿಬಿಟ್ಟರು. ಕಸ್ತೂರಬಾ ನೊಂದು, ನಾನು ಬಿಡುತ್ತೇನೆ, ನಿಮ್ಮ ಮಾತು ಹಿಂತೆಗೆದುಕೊಳ್ಳಿ ಎಂದು ಬೇಡಿದರೂ ಅವರು ಒಪ್ಪಲಿಲ್ಲ. ಗಾಂಧೀಜಿಗೆ ಅದು ಸವಿ ನೆನಪು. ನಮಗಾದರೋ ಆ ಪುಟಗಳಲ್ಲಿ ಕಸ್ತೂರಬಾ ಅವರ ಸಂಕಟವೇ ಹೆಚ್ಚು ಕಾಣುತ್ತದೆ.

ತಾವು ಕಾಫಿಯನ್ನು ಮತ್ತೆ ಆರಂಭಿಸಿ. ಒಂದು ಬೆಳಗ್ಗೆ ಮಾತ್ರ ಮೊದಲ ಡಿಕಾಕ್ಷನ್ನಿನಿಂದ ತಮ್ಮ ಲೋಟವನ್ನೇ ಮೊದಲು ತುಂಬಿಕೊಂಡು, ಕುಳಿತು ಕುಡಿಯಿರಿ. ಹಾಗೆ ಕುಳಿತಾಗ ಮನಸ್ಸಿಗೆ ಏನೆನಿಸಿತು, ಕುಳಿತುಕೊಳ್ಳಲು ಆಗದಿದ್ದರೆ ತಡೆದದ್ದು ಏನು ಎಂಬುದನ್ನು ಬರೆದು ತಿಳಿಸಿದರೆ, ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ತಮ್ಮ ಪತ್ರಕ್ಕೇ ಬಿಟ್ಟುಕೊಡುತ್ತೇವೆ.