ಟೈಲರ್ ಅಂಗಡಿಯ ಚೂರು ಬಟ್ಟೆಯನ್ನು ಹೊಲಿಯುವ ಮುಂಚೆ ತೊಳೆಯಬೇಕಾ?

ಟೈಲರ್ ಕೊಟ್ಟ ಒಂದು ಚೀಲ ಚೂರು ಬಟ್ಟೆಯಲ್ಲಿ ಕೌದಿ, ಕುಶನ್ ಕವರ್ ಹೊಲಿಯಬೇಕು, ಅಂಗೈಯಷ್ಟೂ ಇಲ್ಲದ ತುಂಡುಗಳನ್ನೂ ತೊಳೆಯಲೇಬೇಕಾ ಅಂತ ಕೇಳಿದ್ದೀರಿ. ಎಲ್ಲವನ್ನೂ ತೊಳೆಯಬೇಕಿಲ್ಲ.

ನಾನು ಮೊದಲು ನೋಡುವುದು ಆ ಬಟ್ಟೆ ಒಮ್ಮೆಯಾದರೂ ನೀರು ಕಂಡಿದೆಯಾ ಅಂತ. ಹಳೇ ಸೀರೆ, ಪಂಚೆ ಹರಿದು ಮಾಡಿದ ತುಂಡಾದರೆ ಕುಗ್ಗುವಷ್ಟು ಕುಗ್ಗಿ, ಬಿಡುವಷ್ಟು ಬಣ್ಣ ಬಿಟ್ಟಾಗಿರುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುವ ಕೌದಿಗಳಿಗೆ ಬಳಸುವುದು ಹೆಚ್ಚಾಗಿ ಉಟ್ಟು ಹಳತಾದ ಬಟ್ಟೆಯನ್ನೇ. ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಟೈಲರ್ ಅಂಗಡಿಯದು ಹಾಗಲ್ಲ. ಹೊಸ ಕಾಟನ್ ಮೊದಲ ಒಗೆತಕ್ಕೆ ಶೇ. 3ರಿಂದ 5ರಷ್ಟು ಕುಗ್ಗಬಹುದು, ಪಕ್ಕದ ಪಾಲಿಯೆಸ್ಟರ್ ಜಗ್ಗುವುದಿಲ್ಲ. ಎರಡನ್ನೂ ಕೂಡಿಸಿದರೆ ಹೊಲಿಗೆಯುದ್ದಕ್ಕೂ ನೆರಿಗೆ. ಕೌದಿಗಾದರೆ ಆ ಸುಕ್ಕು ಚಂದವೇ, ಕುಶನ್ ಕವರಿಗೆ ಅಲ್ಲ.

ನನಗೆ ಜಾಸ್ತಿ ಭಯ ಬಣ್ಣದ್ದು. ಕೆಂಪು, ಮರೂನ್, ಕಡುನೀಲಿ ಲೈನಿಂಗ್ ಬಟ್ಟೆಯನ್ನಂತೂ ನಂಬಬೇಡಿ. ತುಂಡನ್ನು ಒದ್ದೆ ಮಾಡಿ, ಹಳೇ ಬಿಳಿ ಬನಿಯನ್ ಮೇಲಿಟ್ಟು ಬಿಸಿ ಇಸ್ತ್ರಿ ಒತ್ತಿ. ಗುಲಾಬಿ ಕಲೆ ಬಿತ್ತೋ, ಆ ಬಣ್ಣದ್ದನ್ನೆಲ್ಲ ಬೇರೆ ಎತ್ತಿಡಿ. ನಾಲ್ಕಾರು ನೀರು ಬದಲಿಸಿದ ಮೇಲೂ ಬಿಡುತ್ತಿದ್ದರೆ ಬಾಗಿಲ ತೋರಣಕ್ಕೆ ಹಾಕಿ, ಅದನ್ನು ಯಾರೂ ಒಗೆಯುವುದಿಲ್ಲ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ನಿಮಗೆ ಹತ್ತು ಜನ ಹೇಳುತ್ತಾರೆ. ಬಣ್ಣ ಅದ್ದುವಾಗ ಉಪ್ಪಿಗೆ ಕೆಲಸವಿದೆ. ಅದ್ದಿ ಮುಗಿಸಿ ಅಂಗಡಿಗೆ ಬಂದ ಬಟ್ಟೆಗೆ ಅದರಿಂದ ಏನೂ ಆಗುವುದಿಲ್ಲ.

ಚೂರುಗಳನ್ನು ಮೆಷಿನ್‌ಗೆ ಮಾತ್ರ ಹಾಕಬೇಡಿ. ಎಳೆ ಬಿಟ್ಟು ಒಂದಕ್ಕೊಂದು ಸುತ್ತಿಕೊಂಡು ಜಡೆಯಾಗಿ ಹೊರಬರುತ್ತವೆ. ಬೇಸಿನ್‌ನಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಲಿಕ್ವಿಡ್ ಸೋಪು, ಅರ್ಧ ಗಂಟೆ ನೆನೆಸಿದರೆ ಸಾಕು. ತಿಕ್ಕಬೇಡಿ, ಹಿಂಡಬೇಡಿ; ಟವೆಲ್ ನಡುವೆ ಇಟ್ಟು ಒತ್ತಿ ನೆರಳಲ್ಲಿ ಹರಡಿ. ಪೇಪರ್ ಮೇಲೆ ಹರಡೀರಿ ಮತ್ತೆ, ಶಾಯಿ ಹತ್ತುತ್ತದೆ! ಇನ್ನೂ ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿ. ಅಳತೆಗೆ ಕತ್ತರಿಸುವುದು ಇದೆಲ್ಲ ಆದ ಮೇಲೆ, ಮೊದಲೇ ಅಲ್ಲ.

ಎರಡು ಬೆರಳಿಗಿಂತ ಸಣ್ಣದನ್ನು ನಾನು ನೆನೆಸುವುದೇ ಇಲ್ಲ, ಹೊಲಿಗೆಗೆ ಅಂಚೇ ಉಳಿಯುವುದಿಲ್ಲ. ಗುಳೇದಗುಡ್ಡದ ಖಣದ (ಕುಪ್ಪಸಕ್ಕೆ ನೇಯುವ ಬಟ್ಟೆಯ) ಚೂರು ಸಿಕ್ಕಿದ್ದರೆ ಅದನ್ನೂ ಒಣಗಿದಂತೆಯೇ ಇಡಿ. ಬೇಗ ಎಳೆ ಬಿಡುತ್ತದೆ. ಹಿಂದೆ ತೆಳು ಕಾಟನ್ ಕೊಟ್ಟು, ಒಗೆಯದ ಚೀಲಕ್ಕೋ ಗೋಡೆ ಅಲಂಕಾರಕ್ಕೋ ಹಾಕಿ.