ಬೀಗ ಹಾಕಿದ ಆ ಮನೆಯಲ್ಲಿ ದೆವ್ವವಿಲ್ಲ

ಮಲ್ಲೇಶ್ವರದ ನಿಮ್ಮ ಬೀದಿಯ ತುಂಬ ಅಪಾರ್ಟ್‌ಮೆಂಟ್ ಎದ್ದಿರುವಾಗ ಆ ಒಂದು ಹಂಚಿನ ಮನೆ ಮಾತ್ರ ಏಕೆ ಪಾಳು ಬಿದ್ದಿದೆ, ದೆವ್ವದ ಮಾತು ನಿಜವೇ ಎಂದು ಕೇಳಿದ್ದೀರಿ. ದೆವ್ವವಲ್ಲ, ಬಹುಮಟ್ಟಿಗೆ ಪಾಲಿನ ವ್ಯಾಜ್ಯವಿರಬೇಕು.

ಬಸವನಗುಡಿಯಲ್ಲಿದ್ದ ನಮ್ಮ ತಾತನ ಮನೆಗೂ ಹನ್ನೊಂದು ವರ್ಷ ಬೀಗ ಬಿದ್ದಿತ್ತು. ತಾತ ಉಯಿಲು ಬರೆಯದೆ ತೀರಿಕೊಂಡರು. ಐವರು ಮಕ್ಕಳಲ್ಲಿ ಒಬ್ಬರು ಸಹಿ ಹಾಕಲು ಒಪ್ಪಲಿಲ್ಲ. ಒಂದು ಸಹಿ ಕಡಿಮೆಯಾದರೂ ಇಡೀ ಮನೆಯನ್ನು ಮಾರುವಂತಿಲ್ಲ. ಅಷ್ಟರಲ್ಲಿ ಬೀದಿಯ ಮಕ್ಕಳು ಅದಕ್ಕೆ ದೆವ್ವದ ಮನೆ ಎಂದು ಹೆಸರಿಟ್ಟಿದ್ದರು. ಕೊನೆಗೆ ಬಾಗಿಲು ತೆಗೆದಾಗ ಅಜ್ಜಿಯ ಒರಳಿನ ಗುಳಿಯಲ್ಲಿ ಮಳೆನೀರು ನಿಂತು, ಪಕ್ಕದ ಗೋಡೆಯ ಬಿರುಕಿನಿಂದ ಅರಳಿ ಸಸಿಯೊಂದು ಮೊಣಕೈ ಉದ್ದ ಬೆಳೆದಿತ್ತು. ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ನಿಮಗೆ ತಿಳಿಯಲೇಬೇಕೆಂದಿದ್ದರೆ ಸ್ವತ್ತಿನ ವಿವರ ಹಿಡಿದು ಉಪನೋಂದಣಾಧಿಕಾರಿ ಕಚೇರಿ ನೀಡುವ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ನೋಂದಣಿಯಾದ ಕ್ರಯ, ಅಡಮಾನ, ವಿಭಾಗಪತ್ರಗಳು ಅದರಲ್ಲಿ ಸಿಗುತ್ತವೆ. ಉಯಿಲು ಅದರಲ್ಲಿ ಕಾಣುವುದಿಲ್ಲ. ಅದಕ್ಕಿಂತ ಮೊದಲು ಎದುರು ಮನೆಯ ಹಿರಿಯರನ್ನು ಮಾತನಾಡಿಸಿ, ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಕಾಂಪೌಂಡ್ ಹಾರಿ ಒಳಗೆ ಮಾತ್ರ ಹೋಗಬೇಡಿ. ಗೆದ್ದಲು ಹಿಡಿದ ತೊಲೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಮಲ್ಲೇಶ್ವರ 1898ರ ಪ್ಲೇಗಿನ ನಂತರ ಪೇಟೆಯ ಜನ ನೆಲೆಸಿದ ಹಳೆಯ ಬಡಾವಣೆ. ಕಿಟಕಿಯ ಮೇಲೆ ಚೂಪು ಮುಸುಕಿನಂತಹ ಮರದ ಜಾಲರಿ, ಅಂದರೆ ಮಂಕಿಟಾಪ್ ಇದ್ದರೆ ದಯವಿಟ್ಟು ಈ ವಾರವೇ ರಸ್ತೆಯಿಂದ ಫೋಟೊ ತೆಗೆದಿಡಿ. ನಮ್ಮ ಮನೆಯ ಫೋಟೊ ತೆಗೆಯಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಜೆಸಿಬಿ ಬಂದಿತ್ತು.